ಅಕ್ಕೋರಿಗೆ ಕೊಟ್ಟ ತರಬೇತಿ

ಐದು ವರ್ಷ ನನ್ನನ್ನು ಎಲ್ಲರೂ ಸಂಪನ್ಮೂಲ ವ್ಯಕ್ತಿ ಎಂದು ಕರೆದರು. ಬೇರೆ ಮಾಸ್ತರರಿಗೆ ತರಬೇತಿ ಕೊಡುವ ಮಾಸ್ತರನಿಗೆ ನಮ್ಮ ಇಲಾಖೆ ಇಟ್ಟ ಹೆಸರು ಅದು. ಸಂಪತ್ತೂ ಇಲ್ಲ, ಮೂಲವೂ ಇಲ್ಲ, ಇದ್ದದ್ದು ಒಬ್ಬ ವ್ಯಕ್ತಿ ಮಾತ್ರ. ಅವನೂ ಅಷ್ಟೇನೂ ಒಳ್ಳೆಯವನಲ್ಲ ಎಂಬುದನ್ನು ಈಗ ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಜಿಲ್ಲೆಯಲ್ಲಿ ತರಬೇತಿಗಳ ಸುಗ್ಗಿಯೇ ಸುಗ್ಗಿ. ಮೂರು ದಿನದ್ದು, ಐದು ದಿನದ್ದು, ಹತ್ತು ದಿನದ್ದು. ಮುಂಜಾನೆ ಪ್ರಾರ್ಥನೆ, ಆಮೇಲೆ ದುಂಡಗೆ ನಿಂತು ಚಪ್ಪಾಳೆ. ಒಂದು ಬೆರಳಿನಿಂದ ಶುರುವಾಗಿ ಐದು ಬೆರಳಿಗೆ ಏರುವ ಮಳೆ ಚಪ್ಪಾಳೆ. ಮೊಣಕಾಲು ನೋವಿನ ಗುರುಗಳು ಕಪ್ಪೆಯ ಹಾಗೆ ಕುಪ್ಪಳಿಸಬೇಕು. ಆಮೇಲೆ ಮಲ್ಲಿಗೆ, ಸಂಪಿಗೆ, ಗುಲಾಬಿ ಎಂದು ಗುಂಪುಗಳು. ಪ್ರತಿ ಗುಂಪಿಗೂ ಒಂದು ಚಾರ್ಟು, ಎರಡು ಸ್ಕೆಚ್ ಪೆನ್ನು. ಮೂರೂ ಗುಂಪಿನವರು ಅದೇ ನಾಲ್ಕು ಮಾತು ಬರೆದು ತರುತ್ತಿದ್ದರು, ಮೂರಕ್ಕೂ ಮಳೆ ಚಪ್ಪಾಳೆ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಸಭಾಂಗಣ ತೂಕಡಿಸುತ್ತಿತ್ತು. ಸಂಜೆ ಸಹಿ. ಅದೇ ಹೊತ್ತಿಗೆ ಊರಿನ ಶಾಲೆಗಳಲ್ಲಿ ಉಳಿದ ಒಬ್ಬ ಮಾಸ್ತರು ನಾಲ್ಕು ಇಯತ್ತೆಗಳ ಮಕ್ಕಳನ್ನು ಒಂದೇ ಕಟ್ಟೆಯ ಮೇಲೆ ಕೂರಿಸಿಕೊಂಡು ಬೆತ್ತ ತಿರುವುತ್ತಿರುತ್ತಿದ್ದ. ಮಕ್ಕಳಿಗೆ ಚಲೋ ಕಲಿಸಬೇಕೆಂದು ಮಕ್ಕಳಿಗೆ ಕಲಿಸುವುದನ್ನೇ ನಿಲ್ಲಿಸುವ ಆ ಏರ್ಪಾಡು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಮೊದಮೊದಲು ನನಗೂ ಅನ್ನಿಸಲಿಲ್ಲ.

ಸಂಪನ್ಮೂಲ ವ್ಯಕ್ತಿಯಾಗುವ ಮುಂಚೆ ನಾನು ಬ್ಯಾಡಗಿಯ ಒಂದು ಸರಕಾರಿ ಶಾಲೆಯಲ್ಲಿದ್ದೆ. ಮನೆ ರಾಣೇಬೆನ್ನೂರಿನಲ್ಲಿ. ದಿನಾಲು ಮೋಟೆಬೆನ್ನೂರಿನ ಕ್ರಾಸಿನಲ್ಲಿ ಇಳಿದು, ಸಿಕ್ಕ ಟೆಂಪೋ ಹತ್ತಿ, ಗಂಟೆ ಬಾರಿಸುವ ಹೊತ್ತಿಗೆ ಶಾಲೆ ಮುಟ್ಟುತ್ತಿದ್ದೆ. ನನ್ನ ಪಕ್ಕದ ಕೋಣೆಯಲ್ಲಿ ಒಬ್ಬರು ಅಕ್ಕೋರು ಮೂರನೇ ಇಯತ್ತೆ ಕಲಿಸುತ್ತಿದ್ದರು. ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ನನಗಿಂತ ಹತ್ತು ವರ್ಷ ದೊಡ್ಡವರು, ಮಾತು ಕಡಿಮೆ, ಸೀರೆಯ ಸೆರಗಿಗೆ ಯಾವಾಗಲೂ ಸೀಮೆಸುಣ್ಣ ಅಂಟಿರುತ್ತಿತ್ತು.

ಅವರ ಇಯತ್ತೆಯಲ್ಲಿ ಹೆಚ್ಚಿನವರು ಮೆಣಸಿನಕಾಯಿ ಪೇಟೆಯಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮಕ್ಕಳು. ಸಂಕ್ರಾಂತಿ ಕಳೆಯಿತೆಂದರೆ ಪೇಟೆ ತುಂಬಿ ರಸ್ತೆಗೆಲ್ಲ ಕೆಂಪು ಹರಡುತ್ತಿತ್ತು, ನಮ್ಮ ಶಾಲೆ ಅರ್ಧ ಖಾಲಿಯಾಗುತ್ತಿತ್ತು. ಅವ್ವಂದಿರು ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಗಂಡುಹುಡುಗರು ಆಡಿಕೊಂಡಿರುತ್ತಿದ್ದರು. ಎಂಟು ವರ್ಷದ ಹುಡುಗಿ ಸುಮ್ಮನೆ ಕೂತರೆ ಮಾತ್ರ ಅವ್ವನಿಗೆ ತಡೆಯದು. ಒಂದು ವಾರ ಆ ರಾಶಿಯ ಮುಂದೆ ಕೂತರೆ ಅವಳ ಬೆರಳು ಪಳಗಿಬಿಡುತ್ತಿತ್ತು, ಆಮೇಲೆ ಅವಳು ಶಾಲೆಗೆ ವಾಪಸು ಬರುತ್ತಿರಲಿಲ್ಲ.

ಅಕ್ಕೋರಿಗೆ ಅದು ಗೊತ್ತಿತ್ತು. ಅದಕ್ಕೇ ಸುಗ್ಗಿಯ ದಿನಗಳಲ್ಲಿ ದಿನಾ ಮಧ್ಯಾಹ್ನ ಪೇಟೆಗೆ ನಡೆಯುತ್ತಿದ್ದರು. ರಾಶಿಗಳ ನಡುವೆ ಮೂಗಿಗೆ ಸೆರಗು ಹಿಡಿದುಕೊಂಡು ಹೋಗಿ, "ಊಟಕ್ಕ ಕರಕೊಂಡು ಹೊಂಟೇನವ್ವಾ, ಸಂಜಿಗೆ ಕಳಸ್ತೇನಿ" ಎಂದು ಹುಡುಗಿಯರ ಕೈ ಹಿಡಿಯುತ್ತಿದ್ದರು. ಅಕ್ಕೋರೇ ಬಂದು ನಿಂತಾಗ ಇಲ್ಲ ಅನ್ನಲು ಯಾವ ಅವ್ವನಿಗೂ ಬಾಯಿ ಬರುತ್ತಿರಲಿಲ್ಲ. ಶಾಲೆಗೆ ಬಂದವರಿಗೆ ಬಿಸಿಯೂಟ, ಆಮೇಲೆ ಪಾಠ.

ಒಬ್ಬ ಹುಡುಗಿ ಇದ್ದಳು. ಮೂರನೇ ಇಯತ್ತೆಗೆ ಬಂದರೂ ಪುಸ್ತಕದಲ್ಲಿನ ಒಂದಕ್ಷರ ಗುರುತಿಸುತ್ತಿರಲಿಲ್ಲ. ಒಂದು ದಿನ ಅವಳನ್ನು ಕರೆತರಲು ನಾನೂ ಅಕ್ಕೋರ ಜೊತೆ ಹೋಗಿದ್ದೆ. ಪೇಟೆಯ ಚೀಲಗಳ ಮೇಲೆ ದಲಾಲಿ ಅಂಗಡಿಯ ಹೆಸರಿನ ಎರಡೋ ಮೂರೋ ಅಕ್ಷರ ಕಪ್ಪು ಬಣ್ಣದಲ್ಲಿ ಬಳಿದಿರುತ್ತಾರೆ. ಅಕ್ಕೋರು ನಡೆಯುತ್ತಲೇ ಒಂದು ಚೀಲ ತೋರಿಸಿ ಸುಮ್ಮನೆ ಕೇಳಿದರು.

"ಅದು ಯಾರ ಅಂಗಡಿ ಚೀಲ ಐತವ್ವಾ?"

"ನಮ್ಮವ್ವ ಹೋದ ವರ್ಷ ಹೋಗತಿದ್ದಳಲ್ರಿ, ಆ ಅಂಗಡೀದು."

"ನಿನಗ ಹೆಂಗ ಗೊತ್ತಾತು?"

"ಬರದಾರಲ್ರಿ" ಎಂದಳು ಹುಡುಗಿ, ಇದೇನು ಕೇಳುತ್ತೀರಿ ಎಂಬಂತೆ.

ಅಕ್ಕೋರು ಅಲ್ಲೇ ನಿಂತುಬಿಟ್ಟರು. "ಹಂಗಾರ ನಿನಗ ಓದಾಕ ಬರತೈತಿ ಬಿಡು" ಎಂದರು. ಅವತ್ತಿನಿಂದ ಶಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಆ ಗುರುತುಗಳನ್ನೇ ಬರೆದು ಪಾಠ. ಯಾವ ಮಗುವಿನ ಅವ್ವ ಯಾವ ಅಂಗಡಿಗೆ ಹೋಗುತ್ತಾಳೋ ಆ ಮಗುವಿಗೆ ಅದೇ ಅಕ್ಷರ ಮೊದಲು. ಹನ್ನೆರಡು ಮಕ್ಕಳಿಗೆ ಹನ್ನೆರಡು ಬಗೆಯ ಶುರು. ಆ ಹುಡುಗಿ ತಿಂಗಳೊಪ್ಪತ್ತಿನಲ್ಲಿ ತನ್ನ ಹೆಸರು ಬರೆದಳು. ಇದಕ್ಕೊಂದು ಹೆಸರಿಡಬೇಕು, ಯಾರಿಗಾದರೂ ತೋರಿಸಬೇಕು ಎಂದು ಅಕ್ಕೋರಿಗೆ ಹೊಳೆಯಲೇ ಇಲ್ಲ. ಹೊಳೆದದ್ದು ನನಗೆ.

ಮುಂದೆ ಹಾವೇರಿಯಲ್ಲಿ ಶಿಕ್ಷಕರ ಸಮ್ಮೇಳನವಾಯಿತು. ಪ್ರತಿ ತಾಲ್ಲೂಕಿನಿಂದ ಒಂದು ಹೊಸ ಪ್ರಯೋಗ ತರಬೇಕೆಂದು ಆದೇಶ. ನಮ್ಮ ಹೆಡ್‌ಮಾಸ್ತರು ಅಕ್ಕೋರನ್ನು ಕೇಳಿದರು. "ನಾ ಹುಡುಗೂರನ್ನ ಬಿಟ್ಟು ಬರಾಂಗಿಲ್ರಿ. ಈ ಸರ್ ಹೋಗಿ ಹೇಳಲಿ, ಅವರಿಗೆ ಮಾತು ಚಲೋ ಬರತೈತಿ" ಎಂದರು ಅಕ್ಕೋರು. ಖರೇ, ನನಗೆ ಮಾತು ಬರುತ್ತಿತ್ತು. ಅಕ್ಷರವೂ ದುಂಡಗಿತ್ತು. ಮೂರು ಚಾರ್ಟು ಬರೆದುಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ಹೇಳಿದ್ದು ಚಲೋ ಆಯಿತು. ಎದುರಿಗೆ ಕೂತ ದೊಡ್ಡ ಸಾಹೇಬರು ಕನ್ನಡಕ ತೆಗೆದು, "ತುಂಬಾ ಚೆನ್ನಾಗಿದೆ. ಯಾರದ್ರೀ ಈ ಐಡಿಯಾ?" ಎಂದು ಕೇಳಿದರು.

"ನಮ್ಮದರಿ ಸರ್" ಎಂದೆ.

ನಮ್ಮ ಕಡೆಯವರ ಬಾಯಲ್ಲಿ ಈ ನಮ್ಮದು ಎಂಬ ಮಾತು ಬಹಳ ಸಡಿಲ. ನನ್ನ ಸೈಕಲ್ಲಿಗೂ ನಮ್ಮದು, ಓಣಿಯ ಬಾವಿಗೂ ನಮ್ಮದು. ನಮ್ಮ ಶಾಲೆಯದು ಎಂದೂ ತಿಳಿಯಬಹುದು, ನನ್ನದು ಎಂದೂ ತಿಳಿಯಬಹುದು. ಸಾಹೇಬರು ಎರಡನೆಯದನ್ನು ತಿಳಿದುಕೊಂಡು, ಹೆಸರು ಕೇಳಿ ಡೈರಿಯಲ್ಲಿ ಬರೆದುಕೊಂಡರು. ಅವರು ಬರೆಯುವಷ್ಟು ಹೊತ್ತು ನಾನು ಎದುರಿಗೇ ನಿಂತಿದ್ದೆ. "ಇದು ನಮ್ಮ ಅಕ್ಕೋರದರಿ" ಎನ್ನಲು ಬೇಕಾದಷ್ಟು ಸಮಯವಿತ್ತು. ಅನ್ನಲಿಲ್ಲ. ಬಾಯಿತಪ್ಪಿ ಆಡಿದ ಮಾತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಮಾತು ಎಷ್ಟು ಸಡಿಲ ಎಂದು ಗೊತ್ತಿದ್ದೇ ಅದನ್ನು ಬಳಸಿದೆ.

ಮರುದಿನ ಅಕ್ಕೋರಿಗೆ, "ಎಲ್ಲಾರೂ ಭಾಳ ಮೆಚ್ಚಿದರ್ರಿ" ಎಂದೆ. "ಚಲೋ ಆತಲ್ರಿ" ಎಂದು ಅವರು ಪೇಟೆಯ ದಾರಿ ಹಿಡಿದರು. ಯಾರ ಹೆಸರು ಹೇಳಿದಿರಿ ಎಂದು ಕೇಳಲೂ ಇಲ್ಲ.

ಆರು ತಿಂಗಳಲ್ಲಿ ನಾನು ಸಂಪನ್ಮೂಲ ವ್ಯಕ್ತಿಯಾದೆ. ನೆಲದ ಮೇಲಿನ ಆ ಪಾಠ 'ಚೀಲ ಚಟುವಟಿಕೆ' ಎಂಬ ಹೆಸರಿನಲ್ಲಿ ಪುಸ್ತಿಕೆಯಾಯಿತು. ಅದರಲ್ಲಿ ಐದು ಹಂತ. ಪೇಟೆಗೆ ನಡೆದು ಹೋಗುವುದು ಆ ಐದರಲ್ಲಿ ಇರಲಿಲ್ಲ, ಯಾಕೆಂದರೆ ನಾನು ಅದನ್ನು ಬರೆದಿರಲಿಲ್ಲ. ಶಿಕ್ಷಕರು ದಿನಾ ಮಧ್ಯಾಹ್ನ ಪೇಟೆಗೆ ಹೋಗಬೇಕೆಂದು ಯಾವ ಸಾಹೇಬ ಬರೆಸಿಯಾನು? ಅದರ ಬದಲು, ಪ್ರತಿ ತರಗತಿಯಲ್ಲೂ ಅಕ್ಷರವಿರುವ ಒಂದು ಮೆಣಸಿನಕಾಯಿ ಚೀಲ ತೂಗುಹಾಕಬೇಕು ಎಂದು ಬರೆದೆ. ತಪಾಸಣೆಗೆ ಬಂದವರ ಪಟ್ಟಿಯಲ್ಲಿ ಒಂದು ಪ್ರಶ್ನೆ ಸೇರಿತು: ಚೀಲ ಇದೆಯೇ? ಇದೆ, ಇಲ್ಲ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಬಲ್ಲರು. ಆದರೆ ಆ ಕಾಯಿ ತುಂಬಿದ್ದ ಖಾಲಿ ಚೀಲವನ್ನು ಮುಚ್ಚಿದ ಕೋಣೆಯಲ್ಲಿ ಒಮ್ಮೆ ಕೊಡವಿ ನೋಡಬೇಕು. ಕುಪ್ಪೇಲೂರಿನ ಬಸ್ಸಿನಲ್ಲಿ ಸಿಕ್ಕ ಒಬ್ಬ ಮಾಸ್ತರು ನನಗೆ ಹೇಳಿದ. ಆ ಕಡೆಯ ಒಂದು ಹಳ್ಳಿಯಲ್ಲಿ ಅವನ ಶಾಲೆ. ಅಲ್ಲಿ ಹತ್ತಿ, ಗೋವಿನಜೋಳ ಬಿಟ್ಟರೆ ಬೇರೆ ಬೆಳೆ ಇಲ್ಲ, ಅಲ್ಲಿನ ಮಕ್ಕಳು ಮೆಣಸಿನಕಾಯಿ ಪೇಟೆಯನ್ನು ಕಣ್ಣಾರೆ ಕಂಡಿಲ್ಲ. ಆದೇಶವೆಂದು ಬ್ಯಾಡಗಿಯಿಂದ ಚೀಲ ತರಿಸಿ ಕಿಟಕಿಗೆ ಕಟ್ಟಿದ್ದಾನೆ. ಗಾಳಿ ಬೀಸಿತು, ಘಾಟೆದ್ದಿತು, ಮಕ್ಕಳು ಕೆಮ್ಮುತ್ತ ಕಣ್ಣು ತಿಕ್ಕಿಕೊಳ್ಳುತ್ತ ಹೊರಗೋಡಿದರು. "ಮೂರು ದಿನ ಸಾಲಿ ಬೇವಿನ ಗಿಡದ ಬುಡಕ್ಕ ನಡೀತ್ರಿ. ಯಾವ ಪುಣ್ಯಾತ್ಮ ಬರದಾನೋ ಇದನ್ನ" ಎಂದ. ಆ ಪುಣ್ಯಾತ್ಮ ಅವನ ಪಕ್ಕದಲ್ಲೇ ಕೂತು ಹೌದೌದೆಂದು ನಗುತ್ತಿದ್ದ.

ಹೀಗಿರುವಾಗ ಒಬ್ಬ ತಪಾಸಣೆಯ ಸಾಹೇಬರು ಅಕ್ಕೋರ ಕೋಣೆಗೆ ಹೋದರು. ಚೀಲವಿರಲಿಲ್ಲ. "ಘಾಟು ಆಗತೈತ್ರಿ, ಹುಡುಗೂರಿಗೆ ತ್ರಾಸ" ಎಂದರಂತೆ ಅಕ್ಕೋರು. ಸಾಹೇಬರು 'ಇಲ್ಲ' ಎಂಬಲ್ಲಿ ಗುರುತು ಹಾಕಿ, ಈ ಶಿಕ್ಷಕಿಗೆ ಚೀಲ ಚಟುವಟಿಕೆಯ ಪರಿಚಯವಿಲ್ಲ, ಹತ್ತು ದಿನದ ಪುನಶ್ಚೇತನ ತರಬೇತಿಗೆ ಕಳಿಸಬೇಕು ಎಂದು ಷರಾ ಬರೆದರು. ತರಬೇತಿ ಹಾವೇರಿಯಲ್ಲಿ. ಸಂಕ್ರಾಂತಿಯಾದ ಮೇಲೆ, ಪೇಟೆ ಉಕ್ಕುತ್ತಿದ್ದ ದಿನಗಳಲ್ಲಿ. ಕಲಿಸುವವನು ನಾನು.

ಹೆಸರುಗಳ ಪಟ್ಟಿ ನನ್ನ ಕೈಗೆ ಮೊದಲೇ ಬಂದಿತ್ತು. ಒಂದು ಮಾತು ಹೇಳಿದ್ದರೆ ಅವರ ಹೆಸರು ತೆಗೆಯುತ್ತಿದ್ದರು. ಆದರೆ ಯಾಕೆ ತೆಗೆಯಬೇಕು ಎಂದು ಕೇಳಿದರೆ ಇದು ಯಾರದೆಂದು ಹೇಳಬೇಕಾಗುತ್ತಿತ್ತು. ಪಟ್ಟಿಗೆ ಸಹಿ ಹಾಕಿ ಕಳಿಸಿದೆ.

ಅಕ್ಕೋರು ಬಂದು ಗುಲಾಬಿ ಗುಂಪಿನಲ್ಲಿ ಕೂತರು. ಮಳೆ ಚಪ್ಪಾಳೆ ಹೊಡೆದರು. ನಾನು ಹಲಗೆಯ ಮುಂದೆ ನಿಂತು ಹಂತ ಒಂದು, ಹಂತ ಎರಡು ಎಂದು ಅವರ ಪಾಠವನ್ನು ಅವರಿಗೇ ಹೇಳಿದೆ. ಅವರು ಎಲ್ಲರಂತೆ ತಲೆ ತಗ್ಗಿಸಿ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಸಿಟ್ಟಿನಿಂದ ಒಮ್ಮೆ ನೋಡಿದ್ದರೆ ನನಗೆ ಹಗುರಾಗುತ್ತಿತ್ತೇನೋ. ನೋಡಲಿಲ್ಲ.

ಎರಡನೆಯ ದಿನ ಚಹಾದ ಹೊತ್ತಿಗೆ ನನ್ನ ಹತ್ತಿರ ಬಂದರು.

"ಸರ್, ಮುಂಜಾನೆ ಸಹಿ ಮಾಡಿ, ಮಧ್ಯಾಹ್ನ ಬ್ಯಾಡಗಿಗೆ ಹೋಗಿ ಸಂಜಿ ಸಹಿಗೆ ಬರ್ತೇನ್ರಿ. ಚೀಲ ಓದಿದ್ದಳಲ್ರಿ, ಈಗ ನಾಲ್ಕನೇ ಇಯತ್ತೆ, ಆ ಹುಡುಗೀನ ಅವರವ್ವ ರಾಶಿಗೆ ಕುಂದರಿಸಾಕತ್ತಾಳ. ದಿನಾ ಹೋಗಲಿಲ್ಲಂದ್ರ ಕೈ ಬಿಟ್ಟು ಹೋಗ್ತಾಳ್ರಿ."

"ನನ್ನ ಕೈಯಾಗ ಏನೂ ಇಲ್ರೀ ಅಕ್ಕೋರ. ಸಾಹೇಬ್ರು ಯಾವಾಗ ಬರ್ತಾರ ಹೇಳಾಕ ಬರಾಂಗಿಲ್ಲ" ಎಂದೆ.

ಹಾಗೆನ್ನುವಾಗ ಹಾಜರಿ ಪುಸ್ತಕ ನನ್ನ ಕಂಕುಳಲ್ಲೇ ಇತ್ತು. ಅದೇ ಮುಂಜಾನೆ, ಮದುವೆಯ ಜವಳಿ ತರಲು ಹೋಗಬೇಕಿದ್ದ ಇಬ್ಬರು ಗುರುಗಳಿಂದ ಸಂಜೆಯ ಸಹಿಯನ್ನೂ ಹಾಕಿಸಿಕೊಂಡು ಕಳಿಸಿದ್ದೆ. ಅಕ್ಕೋರನ್ನು ಮಾತ್ರ ಬಿಡಲಿಲ್ಲ. ಯಾಕೆಂದು ಈಗ ಹೇಳುತ್ತೇನೆ, ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಅವರು ಹತ್ತೂ ದಿನ ನನ್ನೆದುರು ವಿದ್ಯಾರ್ಥಿಯಾಗಿ ಕೂತರೆ ಆ ಪಾಠ ಪೂರ್ತಿ ನನ್ನದಾಗುತ್ತಿತ್ತು. ಎದ್ದು ಪೇಟೆಗೆ ಹೋದರೆ ಅವರದಾಗಿಯೇ ಉಳಿಯುತ್ತಿತ್ತು. ಅಷ್ಟು ಸಣ್ಣ ಮನುಷ್ಯ ನಾನು.

ಈಗ ನಿವೃತ್ತನಾಗಿ ಕೂತು ಲೆಕ್ಕ ಹಾಕುತ್ತೇನೆ. ಸಭಾಂಗಣ, ಮೈಕು, ಚಾರ್ಟು, ಉಪ್ಪಿಟ್ಟು ಎಲ್ಲ ಬಿಟ್ಟು, ದಿನಕ್ಕೆ ಇಬ್ಬರೇ ಇಬ್ಬರು ಮಾಸ್ತರರನ್ನು ಅಕ್ಕೋರ ಹಿಂದೆ ಪೇಟೆಗೆ ನಡೆಸಿದ್ದರೆ ಸಾಕಿತ್ತು. ಆ ಮಾಸ್ತರರು ಚೀಲ ನೋಡುತ್ತಿರಲಿಲ್ಲ, ಮಗುವನ್ನು ನೋಡುತ್ತಿದ್ದರು. ವಾಪಸು ಹೋಗಿ ತಮ್ಮ ಊರಿನ ಮಕ್ಕಳು ಯಾವುದನ್ನು ಆಗಲೇ ಓದುತ್ತಿದ್ದಾರೆಂದು ಹುಡುಕುತ್ತಿದ್ದರು, ಬಸ್ಸಿನ ಬೋರ್ಡೋ, ಗೊಬ್ಬರದ ಪಾಕೀಟೋ. ಕಲಿಯಬೇಕಾದ್ದು ಅದೊಂದೇ ಇತ್ತು. ನಾವು ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿಸಿದೆವು. ಕಲಿಸಬಲ್ಲ ಒಬ್ಬರನ್ನೂ ಹಿಡಿದು ತಂದು ಗುಲಾಬಿ ಗುಂಪಿನಲ್ಲಿ ಕೂರಿಸಿದೆವು.

ಹತ್ತು ದಿನ ಮುಗಿದ ಮರುದಿನ ಬ್ಯಾಡಗಿ ಶಾಲೆಗೆ ಹೋಗಿ ಅಕ್ಕೋರ ಜೊತೆ ಪೇಟೆಗೆ ನಡೆದೆ. ಬರುತ್ತೇನೆ ಎಂದಾಗ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಡೆದರು.

ಹುಡುಗಿ ರಾಶಿಯ ಮುಂದೆ ಕೂತಿದ್ದಳು. ಅಕ್ಕೋರನ್ನು ಕಂಡು ಒಮ್ಮೆ ಏಳಲು ಹೋಗಿ, ಅವ್ವನ ಮುಖ ನೋಡಿ ಮತ್ತೆ ಕೂತಳು. ಬೆರಳು ನಿಲ್ಲಲಿಲ್ಲ.

"ಕಳಸವ್ವಾ, ಊಟಕ್ಕ ಕರಕೊಂಡು ಹೋಗ್ತೇನಿ" ಎಂದರು ಅಕ್ಕೋರು.

"ಇನ್ನ ಬ್ಯಾಡ್ರಿ ಅಕ್ಕೋರ" ಎಂದಳು ಅವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. "ಈಗ ಆಕೀ ಕೈ ಕೆಲಸಕ್ಕ ಕುಂತೈತ್ರಿ. ಹತ್ತು ದಿನ ದಾರಿ ನೋಡಿದಳು, ನೀವು ಬರಲಿಲ್ಲ. ನಿಮಗ ನಮ್ಮ ಹುಡುಗಿ ಬ್ಯಾಡಾದಳು ಅಂತ ತಿಳಕೊಂಡ್ವಿ."

"ಹಂಗಲ್ಲವ್ವಾ. ಹಾವೇರಿಗೆ ಹೋಗಿದ್ದೆ. ತರಬೇತಿ ಇತ್ತು."

"ಅಂದ್ರೇನ್ರಿ?"

"ಹುಡುಗೂರಿಗೆ ಓದಾಕ ಹೆಂಗ ಕಲಸಬೇಕು ಅಂತ ಹೇಳಿಕೊಡ್ತಾರ."

ಅವ್ವ ಬೆರಗಾಗಿ ಅಕ್ಕೋರ ಮುಖ ನೋಡಿದಳು. "ನಿಮಗ ಬರತಿದ್ದಿಲ್ಲೇನ್ರಿ ಅದು?"

ಅಕ್ಕೋರು ನನ್ನತ್ತ ಕೈ ಮಾಡಿ ಹೇಳಿದರು.

"ಈ ಸರ್ ಕಲಿಸಿದರವ್ವಾ."

ಆ ಹೆಂಗಸು ಗಡಬಡಿಸಿ ಎದ್ದು, ಕೈಗಳನ್ನು ಸೆರಗಿಗೆ ಒರೆಸಿಕೊಂಡು, ನನಗೆ ನಮಸ್ಕಾರ ಮಾಡಿದಳು. ನಾನೂ ಕೈ ಮುಗಿದೆ.