ಆಳಂದದ ಖೋಲಿ, ಜೇವರ್ಗಿಯ ಹಾದಿ

ಬಸ್ಸಿನಲ್ಲಿ ಕಣ್ಣು ಬಿಟ್ಟಾಗ ಬೆಟ್ಟಗಳೇ ಇರಲಿಲ್ಲ. ಬೆಳಗಿನ ಬೂದು ಬೆಳಕಿನಲ್ಲಿ ಕಪ್ಪು ನೆಲ ಎಲ್ಲಿಯವರೆಗೋ ಹೋಗಿ ಹಾಗೆಯೇ ಆಕಾಶವಾಗಿಬಿಟ್ಟಿತ್ತು. ನಾನು ಕೊಳ್ಳೇಗಾಲದವಳು. ನಮ್ಮ ಕಡೆ ಎತ್ತ ತಿರುಗಿದರೂ ಒಂದು ಬೆಟ್ಟ ಕಾಣುತ್ತದೆ, ಅದನ್ನು ನೋಡಿಯೇ ದಿಕ್ಕು ಹೇಳುತ್ತೇವೆ. ಕಿಟಕಿಗೆ ಹಣೆಯಾನಿಸಿ ಕೂತ ನನ್ನನ್ನು ಕಂಡು ಪಕ್ಕದ ಹೆಂಗಸು, ಏನು ಹುಡುಕುತ್ತಿದ್ದೀ ಎಂದು ವಿಚಾರಿಸಿದರು. ಬೆಟ್ಟ ಎಂದೆ. ತೊಗರಿ ಬೆಳೆದಾಗ ನೋಡು, ನಮ್ಮಲ್ಲಿ ಎತ್ತರ ಅಂದರೆ ಅದೇ ಎಂದು ನಕ್ಕರು. ಅಷ್ಟರಲ್ಲಿ ಆಳಂದ ಬಂತು.

ಮೈಸೂರಿನಲ್ಲಿ ಕಾನೂನು ಓದಿದ ನನ್ನ ಜೊತೆಯವರು ಹೆಚ್ಚಾಗಿ ಕಂಪನಿಗಳ ಕರಾರುಪತ್ರ ನೋಡುವ ಕೆಲಸಕ್ಕೆ ಸೇರಿದರು. ನಾನು ಒಂದು ವರ್ಷದ ಫೆಲೋಶಿಪ್ ಹಿಡಿದು ಇತ್ತ ಬಂದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಇಲ್ಲದವರ ಪರ ವಕೀಲಿ ಮಾಡಬೇಕೆಂಬ ಆಸೆಯಿರುವ ಕಾನೂನು ವಿದ್ಯಾರ್ಥಿಗಳನ್ನು ಒಂದು ಕಡೆ ಸೇರಿಸುವುದು, ಪುಸ್ತಕ ಒದಗಿಸುವುದು, ಅಂಥ ಕೆಲಸ ಮಾಡುವ ಹಿರಿಯ ವಕೀಲರ ಪರಿಚಯ ಮಾಡಿಸುವುದು ನನ್ನ ಪಾಲಿನ ಕೆಲಸ. ಆದರೆ ಮೊದಲು ನನಗೇ ಒಂದು ಸೂರು ಬೇಕಿತ್ತು. ಒಂಟಿ ಹೆಣ್ಣು, ಮೇಲಾಗಿ ವಕೀಲೆ. ನಾಳೆ ನಮ್ಮ ಮೇಲೆಯೇ ಕೇಸು ಹಾಕಿದರೆ ಎಂದು ಒಬ್ಬ ಮನೆಯೊಡೆಯರು ಮುಖಕ್ಕೇ ಹೇಳಿದರು. ಕೊನೆಗೆ ಶಾಂತಾಬಾಯಿ ಎಂಬ ನಿವೃತ್ತ ಶಿಕ್ಷಕಿ ಮೇಲಿನ ಖೋಲಿ ಕೊಟ್ಟರು. ಖೋಲಿ ಎಂದರೆ ಇಲ್ಲಿ ಕೋಣೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ರೊಟ್ಟಿ ತಿಂತೀರಿಲ್ಲ?”

ತಿನ್ನುವುದನ್ನು ಕಲಿತೆ. ನಮ್ಮ ಮುದ್ದೆಯನ್ನು ಉಪ್ಸಾರಿನಲ್ಲಿ ಅದ್ದಿ ನುಂಗಿದರಾಯಿತು. ಜೋಳದ ರೊಟ್ಟಿಗೆ ಪುರುಸೊತ್ತು ಬೇಕು. ಹುಳಿಸೊಪ್ಪಿನ ಪುಂಡಿಪಲ್ಯದ ಜೊತೆ ಅಗಿಯುತ್ತ ಕೂತರೆ ಮಧ್ಯಾಹ್ನವೇ ನಿಧಾನವಾಗುತ್ತದೆ. ಆ ಮಧ್ಯಾಹ್ನಗಳಲ್ಲಿ ಬಿಸಿಲಿಗೆ ಇಡೀ ಊರು ನೀರಿನಡಿ ಮುಳುಗಿದಂತೆ ಇರುತ್ತಿತ್ತು. ದೂರದ ಸೈಕಲ್ಲಿನ ಗಂಟೆ ಎಷ್ಟೋ ಹೊತ್ತಿನ ಮೇಲೆ ಬಂದು ಮುಟ್ಟುತ್ತಿತ್ತು. ಮೊದಮೊದಲು, ನಾನು ಇಲ್ಲಿದ್ದೇನೆಯೇ ಅಥವಾ ಕೊಳ್ಳೇಗಾಲದಲ್ಲಿ ಮಲಗಿ ಇದನ್ನೆಲ್ಲ ಕಾಣುತ್ತಿದ್ದೇನೆಯೇ ಎಂದು ಅನುಮಾನವಾಗುತ್ತಿತ್ತು.

ಭಾನುವಾರ ಬಂದರೆ ಖೋಲಿಗೆ ಜೀವ ಬರುತ್ತಿತ್ತು. ಭೀಮಾ ತೀರದ ಅಫಜಲಪುರದಿಂದ, ಎರಡು ಬಸ್ಸು ಬದಲಿಸಿ ಜೇವರ್ಗಿಯಿಂದ ಹುಡುಗ ಹುಡುಗಿಯರು ಬರುತ್ತಿದ್ದರು. ಚಾಪೆ ಹಾಸಿ ತೀರ್ಪುಗಳನ್ನು ಓದಿ, ಅವನ್ನು ಊರಲ್ಲಿರುವ ತಮ್ಮ ಅವ್ವಂದಿರಿಗೆ ಹೇಗೆ ಹೇಳುವುದೆಂದು ಚರ್ಚಿಸುತ್ತಿದ್ದರು. ಇದ್ದದ್ದು ಒಂದೇ ಕರಿ ಕೋಟು. ಅಣಕು ನ್ಯಾಯಾಲಯದ ಸ್ಪರ್ಧೆಗೆ ಯಾರು ಹೋದರೂ ಅದನ್ನೇ ತೊಟ್ಟು ಹೋಗುತ್ತಿದ್ದರು. ಈ ಕೆಲಸ ನಂಬಿದರೆ ಹೊಟ್ಟೆಪಾಡೇನು ಎಂಬ ಪ್ರಶ್ನೆ ಪ್ರತಿ ವಾರವೂ ಬರುತ್ತಿತ್ತು.

ಗೌತಮಿ ಮತ್ತು ಬಸವರಾಜ ಜೇವರ್ಗಿ ತಾಲ್ಲೂಕಿನ ಒಂದೇ ಹಳ್ಳಿಯವರು. ಗೌತಮಿಯದು ಕೂಲಿ ಮಾಡುವ ದಲಿತ ಬೌದ್ಧ ಕುಟುಂಬ. ಬಸವರಾಜನದು ದೊಡ್ಡ ಹೊಲದ ಲಿಂಗಾಯತ ಮನೆ. ಊರಲ್ಲಿ ಒಬ್ಬರನ್ನೊಬ್ಬರು ಮಾತಾಡಿಸದ ಇವರು ಮೊದಲ ಸಲ ಒಂದೇ ಚಾಪೆಯ ಮೇಲೆ ಕೂತದ್ದು ನಮ್ಮ ಖೋಲಿಯಲ್ಲಿ.

ಆ ಮಳೆಗಾಲದಲ್ಲಿ ಗೌತಮಿಯ ಅಜ್ಜಿ ತೀರಿಕೊಂಡರು. ಅವರ ಓಣಿಯಿಂದ ಸ್ಮಶಾನಕ್ಕೆ ಹೋಗುವ ಹಾದಿಯನ್ನು (ನಾವು ದಾರಿ ಎನ್ನುವುದಕ್ಕೆ ಇಲ್ಲಿ ಹಾದಿ) ಅದು ಹಾಯುವ ಹೊಲದ ಯಜಮಾನರು ಉತ್ತು ತೊಗರಿ ಬಿತ್ತಿದ್ದರು. ಹೆಣವನ್ನು ಸೊಂಟದ ತನಕ ನೀರಿದ್ದ ಹಳ್ಳದಲ್ಲಿ ಹಾಯಿಸಿ ಒಯ್ಯಬೇಕಾಯಿತು. ಮುಂದಿನ ಭಾನುವಾರ ಗೌತಮಿ ಅದನ್ನು ಅಳದೆ ಹೇಳಿದಳು. ಅರ್ಜಿ ಬರೆಯೋಣ ಎಂದೆ. ಆಗ ಬಸವರಾಜ ತಲೆ ತಗ್ಗಿಸಿ, ಆ ಯಜಮಾನ ತನ್ನ ದೊಡ್ಡಪ್ಪ ಎಂದ. ಅವನು ಎದ್ದು ಹೋದ. ಎರಡು ಭಾನುವಾರ ಬರಲೇ ಇಲ್ಲ.

ತೊಗರಿ ಆಳೆತ್ತರ ಬೆಳೆದು ಹಳದಿ ಹೂ ಬಿಟ್ಟಾಗ, ಗೌತಮಿ ಕೊಟ್ಟ ಅರ್ಜಿಯ ಮೇಲೆ ತಹಶೀಲ್ದಾರರು ಸ್ಥಳ ನೋಡಲು ಬಂದರು. ಹೊಲದ ಅಂಚಿನಲ್ಲಿ ಒಂದು ಬದಿಗೆ ಗೌತಮಿಯ ಓಣಿಯವರು, ಇನ್ನೊಂದು ಬದಿಗೆ ಬಸವರಾಜನ ಮನೆಯವರು. ಇಲ್ಲಿ ಹಾದಿಯೇ ಇರಲಿಲ್ಲ ಎಂದು ದೊಡ್ಡಪ್ಪ ಶಾಂತವಾಗಿ ಹೇಳಿದರು. ಓಣಿಯ ಹಿರಿಯರು ಇತ್ತು ಎಂದಾಗ, ಅವರಿಗೆ ಬೇಕಾದ್ದನ್ನು ಅವರು ಹೇಳುತ್ತಾರೆ ಎಂದು ದೊಡ್ಡಪ್ಪ ತಳ್ಳಿಹಾಕಿದರು. ಬೇರೆ ಯಾರಾದರೂ ಬಲ್ಲವರು ಇದ್ದಾರೆಯೇ ಎಂದು ತಹಶೀಲ್ದಾರರು ಕೇಳಿದರು. ಗಾಳಿಗೆ ಹೂಗಳೆಲ್ಲ ಒಮ್ಮೆ ಒಂದೇ ಕಡೆ ಬಾಗಿದವು. ಬಸವರಾಜ ತನ್ನವರ ನಡುವಿನಿಂದ ಮುಂದೆ ಬಂದ.

“ಹಾದಿ ಇತ್ರಿ,” ಎಂದ. “ಗೌತಮಿ ಅವರ ಮುತ್ಯಾನ ಹೆಣ ಇದ ಹಾದಿ ಹಿಡದು ಹೋತ್ರಿ. ನಾ ಸಣ್ಣಾವಿದ್ದೆ, ನಮ್ಮ ಮುತ್ಯಾನ ಕೈ ಹಿಡ್ಕೊಂಡು ಇಲ್ಲೇ ನಿಂತಿದ್ದೆ. ನಮ್ಮ ಮುತ್ಯಾ ತಲಿ ಮ್ಯಾಲಿನ ರುಮಾಲು ತಗದು ಕೈ ಮುಗದಿದ್ದ.”

ಮುತ್ಯಾ ಎಂದರೆ ಅಜ್ಜ. ಬಸವರಾಜನ ಮುತ್ಯಾ ಈ ದೊಡ್ಡಪ್ಪನ ತಂದೆ. ದೊಡ್ಡಪ್ಪ ಧೋತರದ ಅಂಚು ಎತ್ತಿ ಹಿಡಿದು ತೊಗರಿಯ ಸಾಲುಗಳ ನಡುವೆ ಮನೆಯ ಕಡೆ ನಡೆದುಬಿಟ್ಟರು.

ಕೊಯ್ಲಿನ ಮೇಲೆ ಹಾದಿ ತೆರೆಯಬೇಕೆಂದು ಆದೇಶ ಬಂತು. ಹಾದಿ ತೆರೆಯಿತು. ಆದರೆ ಬಸವರಾಜ ಇನ್ನು ತಮ್ಮ ಕೂಡುಕುಟುಂಬದ ಮನೆಯ ಹೊಸ್ತಿಲು ತುಳಿಯಬೇಕಾಗಿಲ್ಲ ಎಂದು ದೊಡ್ಡಪ್ಪ ಹೇಳಿ ಕಳಿಸಿದರು. ಅವನು ಚೀಲ ಹಿಡಿದು ಆಳಂದಕ್ಕೆ ಬಂದ. ನಾನು ಖೋಲಿಯನ್ನು ಅವನಿಗೆ ಬಿಟ್ಟು, ಕೆಳಗೆ ಶಾಂತಾಬಾಯಿಯವರ ಪಡಸಾಲೆಗೆ ಇಳಿದೆ. ತನ್ನ ಊರಿನಿಂದ ಅರ್ಧ ದಿನದ ದಾರಿಯಲ್ಲಿ ಅವನೂ ನನ್ನಷ್ಟೇ ಪರಸ್ಥಳದವನಾದ. ಗೌತಮಿ ಅವನಿಗೆ ಥ್ಯಾಂಕ್ಸ್ ಹೇಳಿದ್ದನ್ನು ನಾನು ಕೇಳಲಿಲ್ಲ. ಪರೀಕ್ಷೆ ಹತ್ತಿರವಾದಾಗ ತನ್ನ ಟಿಪ್ಪಣಿಗಳನ್ನೆಲ್ಲ ತಂದು ಅವನ ಮುಂದಿಟ್ಟಳು.

ಒಂದು ದಿನ ಅವನ ತಾಯಿ ನೀಲಮ್ಮ, ಮನೆಯಲ್ಲಿ ಕಲಬುರಗಿಯ ದವಾಖಾನೆಗೆಂದು ಹೇಳಿ, ಮಗನನ್ನು ನೋಡಲು ಬಂದರು. ಗೌತಮಿ ಚಹಾ ತಂದಳು. ನೀಲಮ್ಮ ಲೋಟವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕುಡಿದರು. ಹೊರಡುವ ಮುಂಚೆ ನನ್ನ ಪಕ್ಕ ಕೂತು ಮೆಲ್ಲಗೆ ಕೇಳಿದರು: “ನಿಮ್ಮವ್ವ ನಿಮಗ ಬಿಟ್ಟು ಹೆಂಗ ಇರ್ತಾಳ್ರಿ?”

ಅಮ್ಮನನ್ನು ನಾನು ಹಾಗೆ ಕೇಳಿಯೇ ಇರಲಿಲ್ಲ. ಅಲ್ಲೇ ಫೋನ್ ಮಾಡಿ, ನೀಲಮ್ಮನ ವಿಷಯ ಹೇಳಿ ಕೇಳಿದೆ. ಅಮ್ಮ, “ಆಯಮ್ಮನ್ನೇ ಕೇಳು ಮಗ. ಇರದು ಕಲ್ತ್ರೆ ನಂಗೂ ಯೋಳ್ಲಿ,” ಎಂದರು.

ಅದನ್ನು ಈ ಸೀಮೆಯ ಕನ್ನಡಕ್ಕೆ ತಿರುಗಿಸಿ ನೀಲಮ್ಮನಿಗೆ ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಫೋನು ಇಲ್ಲಿ ಕೊಡು ಎಂದರು.

ನನ್ನ ಫೆಲೋಶಿಪ್ ಈಗ ಎರಡನೆಯ ವರ್ಷಕ್ಕೆ ಮುಂದುವರಿದಿದೆ. ನೀಲಮ್ಮ ಬಂದಾಗಲೆಲ್ಲ ಇಬ್ಬರು ತಾಯಂದಿರೂ ಫೋನಿನಲ್ಲಿ ಮಾತಾಡುತ್ತಾರೆ. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧವೇ ತಿಳಿಯುತ್ತದೆ. ನಡುವೆ ಕೂತು ಉಳಿದರ್ಧವನ್ನು ನಾನು ಹೇಳುತ್ತೇನೆ. ಮಾತಿನ ಕೊನೆಗೆ ಅಲ್ಲಿಂದ ಅಮ್ಮ, ಮಗಳು ಯಾವಾಗ ಬರುತ್ತಾಳೆಂದು ಕೇಳುತ್ತಾರೆ. ಇಲ್ಲಿಂದ ನೀಲಮ್ಮ, ಇವಳು ಹೋಗಿಬಿಟ್ಟರೆ ಈ ಮಕ್ಕಳಿಗೆ ಯಾರು ದಿಕ್ಕೆಂದು ಕೇಳುತ್ತಾರೆ. ಆ ಎರಡು ಪ್ರಶ್ನೆಗಳನ್ನು ಮಾತ್ರ ನಾನು ಅತ್ತಿತ್ತ ದಾಟಿಸುವುದಿಲ್ಲ.