ಸುತ್ತುವ ಬಳೆಯೂ ಸೊಂಟದ ದಾರವೂ

ಜಟ್ಟೆಮ್ಮ ಸುಗತನನ್ನು ಮೊದಲು ಕಂಡದ್ದು ಹಲಸೂರಿನ ಸ್ಕ್ಯಾನಿಂಗ್ ಸೆಂಟರಿಗೆ ಆಯಾ ಕೆಲಸಕ್ಕೆ ಸೇರಿದ ದಿನ. ಸಿ.ಟಿ. ಕೋಣೆಯ ನೆಲ ಒರೆಸಿಯಾಗಿತ್ತು. ಮಿಷಿನ್ನಿನ ಆ ದೊಡ್ಡ ಬಿಳಿ ಬಳೆಯ ಹತ್ತಿರ ಹೋಗಲು ಮಾತ್ರ ಆಕೆಗೆ ಕಾಲೇ ಬರಲಿಲ್ಲ. ಒದ್ದೆ ಬಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

ಮಿಷಿನ್ ನಡೆಸುವ ಟೆಕ್ನಿಷಿಯನ್ ಸುಗತ ಕೆ.ಆರ್. ಪುರದ ಆಚೆಯ ಹಳ್ಳಿಯವನು. ಮನೆಯಲ್ಲಿ ಬುದ್ಧನ ಪಟಕ್ಕೆ ದೀಪ ಹಚ್ಚುವ ಪೈಕಿ. ಅವನೇ ಬಟ್ಟೆ ಇಸಿದುಕೊಂಡು ಬಳೆಯ ಒಳಗೆಲ್ಲ ಒರೆಸಿ ತೋರಿಸಿದ.

"ಬಟನ್ ಒತ್ತಿದಾಗ ಮಾತ್ರ ಅವ್ವಾ ಕಿರಣ ಬರೋದು. ಬಿಟ್ಟ ಮೇಲೆ ಇದು ಬರೀ ಬೀರು ಇದ್ದಂಗೆ. ಒಳಗೆ ಏನೂ ಉಳ್ಕೊಂಡಿರಲ್ಲ."

"ಮತ್ತ ಬಾಗಿಲ ಮ್ಯಾಲ ಕೆಂಪು ದೀಪ ಯಾಕ ಇಟ್ಟೀರಿ?"

"ಒತ್ತಿದಾಗ ಯಾರೂ ನುಗ್ಗಬಾರ್ದು ಅಂತ. ನೀವು ನುಗ್ಗೋ ಪೈಕಿ ಅಲ್ಲ ಬಿಡಿ, ಬಾಗಿಲಲ್ಲೇ ಸಂಸಾರ ಹೂಡಿದೀರ."

ಜಟ್ಟೆಮ್ಮ ನಕ್ಕು ಒಳಗೆ ಬಂದಳು.

ಸುಗತನಿಗೆ ಯಾವ ರೋಗಿಯನ್ನೂ ಏನೂ ಹೇಳದೆ ಮಲಗಿಸಿ ಗೊತ್ತಿರಲಿಲ್ಲ. ಎಕ್ಸ್‌ರೇ ಎಂದರೆ ಗೋಡೆಯ ಮೇಲಿನ ನೆರಳು. ಬೆನ್ನ ಹಿಂದೆ ಚೊಂಬು ಹಿಡಿದಿದ್ದರೆ ಅದು ಹೊಟ್ಟೆಯ ನೆರಳಿನಲ್ಲೇ ಸೇರಿಹೋಗುತ್ತದೆ. ಇಲ್ಲಿ ಕಿರಣ ಮೈಯ ಸುತ್ತ ಗಿರಕಿ ಹೊಡೆಯುತ್ತದೆ. ಎಲ್ಲ ದಿಕ್ಕಿನ ನೆರಳನ್ನೂ ಹಿಡಿದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಸೌತೆಕಾಯಿ ಹೆಚ್ಚಿದ ಹಾಗೆ ಮೈಯನ್ನು ಬಿಲ್ಲೆಬಿಲ್ಲೆಯಾಗಿ ತೋರಿಸುತ್ತದೆ. ಇಷ್ಟನ್ನು ಹೇಳಿ, ಉಸಿರು ಹಿಡಿಯುವುದನ್ನು ಪ್ರತಿಯೊಬ್ಬರಿಗೂ ಮೊದಲೇ ಅಭ್ಯಾಸ ಮಾಡಿಸುತ್ತಿದ್ದ. ಜೊತೆಯ ಮುರಳಿ "ಡ್ರಿಲ್ ಮಾಸ್ಟ್ರು ಶುರು ಮಾಡಿದ್ರು" ಎಂದು ಆಡಿಕೊಂಡರೆ, "ಅಲ್ಲಾಡಿದ್ರೆ ಚಿತ್ರ ಕಲಸಿಹೋಗುತ್ತೆ ಮಗಾ. ಇನ್ನೊಂದ್ಸಲ ಕಿರಣ ತಿನ್ನೋರು ಅವರು, ನೀನಲ್ಲ" ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಸಿ.ವಿ. ರಾಮನ್ ನಗರದ ಕಟ್ಟಡದ ಕೆಲಸದಿಂದ ಗಾರೆ ಕೆಲಸದ ಹುಸೇನಪ್ಪನನ್ನು ಅವನ ಗೆಳೆಯ ಶರಣಬಸವ ಆಟೋದಲ್ಲಿ ಕರೆತಂದ. ಬಲಗಡೆ ಕಿಬ್ಬೊಟ್ಟೆಯಲ್ಲಿ ನೋವು, ಮೈ ಕೆಂಡ. ಅಪೆಂಡಿಕ್ಸ್ ಇರಬಹುದು, ಒಡೆದರೆ ಜೀವಕ್ಕೇ ಬರುತ್ತದೆ, ಚಿತ್ರ ನೋಡಿಯೇ ಕತ್ತರಿ ಹಿಡಿಯುತ್ತೇನೆ ಎಂದು ಪಕ್ಕದ ಬೀದಿಯ ಸರ್ಜನ್ ಹೇಳಿ ಕಳಿಸಿದ್ದರು. ಉಂಗುರ, ಬೆಲ್ಟು, ಎಲ್ಲ ತೆಗೆದೆ ಎಂದು ಹುಸೇನಪ್ಪ ಹೇಳಿ ಮಲಗಿದ.

ಬಿಲ್ಲೆಗಳಿಗೆ ಮುಂಚೆ ಮೇಲಿನಿಂದ ಒಂದು ಚಪ್ಪಟೆ ಚಿತ್ರ ತೆಗೆಯುವುದು ಕ್ರಮ. ಸೊಂಟದ ಹತ್ತಿರ ಅಚ್ಚ ಬಿಳಿಯ ಗುಂಡೊಂದು ಕಂಡಿತು. ಸುಗತ ಅಲ್ಲಿಗೇ ನಿಲ್ಲಿಸಿ ಒಳಗೆ ಹೋದ.

"ಉಡುದಾರದಲ್ಲಿ ಏನಣ್ಣಾ ಅದು?"

"ತಾಯತರೀ. ಹಿಂದಕ್ಕ ಸರಸ್ತೀನಿ, ತಗೀರಿ ಫೋಟೋ."

"ಇದು ಸುತ್ತ ನೋಡೋ ಮಿಷಿನ್ನು. ಬೆನ್ನಿಗೆ ಸರಿಸಿದ್ರೂ ಅದೇ ಬಿಲ್ಲೆಗೆ ಬರುತ್ತೆ. ಲೋಹದಿಂದ ನಾಲ್ಕೂ ಕಡೆ ಬಿಳಿ ಗೀರು ಎದ್ದು, ನೋವಿರೋ ಜಾಗಾನೇ ಮುಚ್ಚಿಹೋಗುತ್ತೆ."

ದಾರ ಸೊಂಟಕ್ಕೆ ಕಚ್ಚಿಕೊಂಡಿತ್ತು, ಮೇಲಕ್ಕೂ ಬರದು, ಕೆಳಕ್ಕೂ ಇಳಿಯದು. ಮುರಳಿ ಕತ್ತರಿ ತಂದ. ಹುಸೇನಪ್ಪ ಎರಡೂ ಕೈಯಿಂದ ಸೊಂಟ ಹಿಡಿದುಕೊಂಡ. "ಬ್ಯಾಡ್ರಿ. ನಮ್ಮವ್ವ ಸಾಯೂಕಿಂತ ಮದಲ ಕಟ್ಯಾಳ. ಉಡುದಾರ ಹರಿಯೂದು ಹೆಣಕ್ಕಷ್ಟ, ಬರೇ ಸೊಂಟ ಸತ್ತವರಿಗಿ. ನಾ ಮನಿಗೆ ಹೊಕ್ಕೀನಿ."

"ಲೇ, ಮನಿಗೆ ಹೋದ್ರ ಖರೇನೇ ಬರೇ ಸೊಂಟ ಆಗ್ತೈತಿ" ಎಂದು ಶರಣಬಸವ ಗದರಿದ. ಹುಸೇನಪ್ಪ ಏಳಲು ಹವಣಿಸಿದ.

ಸುಗತ ದನಿ ಏರಿಸಲಿಲ್ಲ. ಬಾಗಿಲಲ್ಲಿದ್ದ ಜಟ್ಟೆಮ್ಮನ ಕಡೆ ತಿರುಗಿ, "ಅವ್ವಾ, ನಿಮ್ಮ ಕಡೆ ಹಳೇದು ತೆಗೆಯೋದು ಹೇಗೆ?" ಎಂದ.

"ಹೊಸಾದು ಕಟ್ಟಿ, ಆಮ್ಯಾಲ ಹಳೇದು ಹರೀಬೇಕ್ರಿ."

"ಹಂಗಾದ್ರೆ ದಾರ ತನ್ನಿ. ಬರೀ ದಾರ ಚಿತ್ರಕ್ಕೆ ಅಡ್ಡ ಬರಲ್ಲ."

ಜಟ್ಟೆಮ್ಮ ಬಜಾರಿನ ಗ್ರಂಧಿಗೆ ಅಂಗಡಿಗೆ ಓಡಿ ಕರಿದಾರದ ಉಂಡೆ ತಂದಳು. ತಂದವಳು ಅದನ್ನು ಶರಣಬಸವನ ಕೈಗೆ ಕೊಡಹೋದಳು. "ನೀ ಕಟ್ಟಪ್ಪ. ನಾ ಗಂಡ ಇಲ್ಲದಾಕಿ."

"ಇದನ್ನ ಕಟ್ಟುವಾಗ ನಮ್ಮವ್ವಗೂ ಗಂಡ ಇದ್ದಿಲ್ಲ ಯವ್ವಾ," ಎಂದ ಹುಸೇನಪ್ಪ, ಹಲ್ಲು ಕಚ್ಚಿ. "ಹೆಣ್ಮಕ್ಕಳ ಕೈಲೇ ಆಗಬೇಕು. ಕಟ್ಟು, ತಡ್ಯಾಕ ಆಗವಲ್ದು."

ಆಕೆ ದಾರವನ್ನು ಸುತ್ತಿ, ಎಳೆ ಕೂಡಿಸಿ, ಜಾರದ ಹಾಗೆ ಗಂಟು ಹಾಕಿದಳು. ಆಮೇಲೆ ಹಳೆಯದನ್ನು ಕತ್ತರಿಸಿ ತಾಯತವನ್ನು ಶರಣಬಸವನ ಜೇಬಿಗೆ ಹಾಕಿದಳು. ಸುಗತ ಹುಸೇನಪ್ಪನಿಗೆ ಉಸಿರು ಕಲಿಸಿದ, ಎಲ್ಲರನ್ನೂ ಹೊರಗೆ ಕಳಿಸಿ ಬಟನ್ ಒತ್ತಿದ. ಮಂಚ ಬಳೆಯೊಳಗೆ ಹೋಗಿ ಬಂತು. ಚಿತ್ರದಲ್ಲಿ ಒಂದು ಗೀರೂ ಇರಲಿಲ್ಲ. ಅಪೆಂಡಿಕ್ಸ್ ಬೆರಳಿನಷ್ಟು ಊದಿತ್ತು, ಇನ್ನೂ ಒಡೆದಿರಲಿಲ್ಲ. ಕತ್ತಲಾಗುವುದರೊಳಗೆ ಆಪರೇಷನ್ ಮುಗಿಯಿತು.

ಗಾಯ ಮಾಯ್ದ ಮೇಲೆ ಹುಸೇನಪ್ಪ ಬಾಳೆಹಣ್ಣು ಹಿಡಿದು ಬಂದು, ತಾಯತವನ್ನು ಜಟ್ಟೆಮ್ಮನ ಕೈಯಿಂದಲೇ ಹೊಸ ದಾರಕ್ಕೆ ಕಟ್ಟಿಸಿಕೊಂಡು ಹೋದ. ಅಂದಿನಿಂದ ಕರಿದಾರದ ಉಂಡೆ ಸುಗತನ ಮೇಜಿನ ಖಾನೆಯಲ್ಲಿ ಸೂಜಿ, ಹತ್ತಿಗಳ ಜೊತೆಗೇ ಇರುತ್ತಿತ್ತು. ಉಡುದಾರ ತೆಗೆಯಬೇಕಾದವರಿಗೆಲ್ಲ ಹೊಸದು ಕಟ್ಟುವ ಕೆಲಸ ಜಟ್ಟೆಮ್ಮನದಾಯಿತು. ತಾನು ಕಟ್ಟಬಹುದೇ ಎಂದು ಆಕೆ ಮತ್ತೆ ಯಾರನ್ನೂ ಕೇಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಸುಗತನಿಗೆ ಜೀವನ್ ಬಿಮಾ ನಗರದ ಹೊಸ ಸೆಂಟರಿನಲ್ಲಿ ಕೆಲಸವಾಯಿತು. ಅಲ್ಲಿ ಆಯಾ ಇಲ್ಲ, ಅವನೊಬ್ಬನೇ. ಹೊರಡುವ ದಿನ ಜಟ್ಟೆಮ್ಮನನ್ನು ಕೂರಿಸಿಕೊಂಡು ಕುರ್ಚಿಯ ಕಾಲಿಗೆ ದಾರ ಸುತ್ತಿ, ಆ ಗಂಟನ್ನು ಕಲಿತ. ಎರಡು ಸಲ ಜಾರಿತು, ಮೂರನೆಯದು ನಿಂತಿತು. ಅವನು ಅದನ್ನು ಎಳೆದು ನೋಡಿ, ತಲೆ ಎತ್ತದೆ ಕೇಳಿದ:

"ಗಂಡಸು ಕಟ್ಟಿದ್ರೂ ಒಪ್ಕೋತಾರಾ ಅವ್ವಾ?"