ಕುದುರೆ ಆಕಳಿಸುವವರೆಗೆ

ನಮ್ಮತ್ತಿಗೆ ಕುದುರೆಗಳ ಮೈ ಸವರುತ್ತಾಳೆ. ನಗಬೇಡಿ, ಅದೇ ಅವಳ ಉದ್ಯೋಗ. ಮೊದಲು ಮನುಷ್ಯರ ಬೆನ್ನು, ಕತ್ತು ನೋಡುತ್ತಿದ್ದಳು. ಹಿಡಿದುಕೊಂಡ ಸ್ನಾಯುವಿನ ಮೇಲೆ ಹೆಬ್ಬೆರಳನ್ನು ಹಗುರವಾಗಿ ಉರುಳಿಸುವುದು, ಆಮೇಲೆ ಕೈ ತೆಗೆದು ದೂರ ಹೋಗಿ ಬೆನ್ನು ತಿರುಗಿಸಿ ನಿಲ್ಲುವುದು, ಮೈ ತಾನಾಗಿ ಸಡಿಲವಾಗಲಿ ಎಂದು ಕಾಯುವುದು. ಅವಳ ವಿದ್ಯೆ ಇಷ್ಟೇ. ಬಂದವರಿಗೆ ಇದು ಹಿಡಿಸುತ್ತಿರಲಿಲ್ಲ. "ಒತ್ತಲಿಲ್ಲ, ಗುದ್ದಲಿಲ್ಲ, ಕಿಟಕಿ ಹತ್ರ ನಿಂತ್ಕೊಂಡು ಚಹಾ ಕುಡಿದ್ಲು" ಎಂದು ಬೀದಿಯೆಲ್ಲ ಸಾರಿಕೊಂಡು ಬರುತ್ತಿದ್ದರು. ನೋವು ಹೋಗುವುದಕ್ಕೂ ಜನಕ್ಕೆ ಒಂದಿಷ್ಟು ನೋಯಬೇಕು!

ಸೊಂಟ ಹಿಡಿದುಕೊಂಡು ಬಂದಿದ್ದ ಸವಾರಿ ಶಾಲೆಯ ಮಾಸ್ಟರು ಮಾತ್ರ ಅವಳ ಮೇಜಿನ ಮೇಲೆ ಗೊರಕೆ ಹೊಡೆದರು. ಎದ್ದವರೇ, "ನಮ್ಮ ಕುದುರೆಗಳಿಗೂ ಹೀಗೇ ಮಾಡ್ತೀರೇನಮ್ಮ?" ಎಂದರು. ಅಂದಿನಿಂದ ಅತ್ತಿಗೆಗೆ ಕುದುರೆಗಳೇ ಗಿರಾಕಿಗಳು. ಅವು ಬೀದಿಯಲ್ಲಿ ಚಾಡಿ ಹೇಳುವುದಿಲ್ಲ, ಬೇಡವಾದರೆ ನೇರ ಒದೆಯುತ್ತವೆ. ಬೇಕಾದರೆ, ಹಿಡಿದ ಸ್ನಾಯು ಬಿಟ್ಟುಕೊಟ್ಟಾಗ, ತಲೆ ತಗ್ಗಿಸಿ, ತುಟಿ ಜೋಲುಬಿಟ್ಟು, ದವಡೆ ಕಳಚುವ ಹಾಗೆ ಆಕಳಿಸುತ್ತವೆ. ಆಗ ಅತ್ತಿಗೆ, "ಹ್ಞಾಂ, ಸಡಿಲಾಯ್ತು" ಎನ್ನುತ್ತಾಳೆ.

ಅವಳ ಗಂಡ, ಅಂದರೆ ನಮ್ಮಣ್ಣ, ಅದೇ ಶಾಲೆಗೆ ಜೀನು ಹೊಲಿದುಕೊಡುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅಲ್ಲಿ ತೊಗಲು, ಮೇಣದ ದಾರ, ಉಣ್ಣೆಯ ಮೂಟೆ, ಜೊತೆಗೆ ಅವನ ಮೂಗಿನ ತುದಿಯ ಕೋಪ. ಬಲಭುಜ ಹಿಡಿದುಕೊಂಡು ಬಹಳ ಕಾಲವಾಗಿತ್ತು. ಗೋಡೆಯ ಮೊಳೆಗೆ ತೂಗುಹಾಕಿದ ಕತ್ತರಿಯನ್ನು ನಾನೇ ಎದ್ದು ತೆಗೆದುಕೊಡಬೇಕು. ಹೆಂಡತಿಗೆ ತೋರಿಸೋ ಎಂದರೆ, "ಆ ಸವರಾಟಕ್ಕೆಲ್ಲ ನಾನು ಮೈ ಕೊಡಲ್ಲ" ಎನ್ನುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಶಾಲೆಯಲ್ಲೊಂದು ಮುದಿ ಹೆಣ್ಣು ಕುದುರೆ. ಎಲ್ಲರ ಮೇಲೂ ಸಿಡುಕುತ್ತಿದ್ದುದರಿಂದ ಅದಕ್ಕೆ ದೊಡ್ಡಮ್ಮ ಎಂದೇ ಹೆಸರು. ಅದು ಇದ್ದಕ್ಕಿದ್ದಂತೆ ಜೀನು ಕಂಡರೆ ಕಚ್ಚಲು ಬರತೊಡಗಿತು. ಅತ್ತಿಗೆ ಮುಟ್ಟಿದ ದಿನ ಆಕಳಿಸಿ ಹಗುರಾಗುತ್ತಿತ್ತು. ಮರುದಿನ ಸವಾರಿ ಮುಗಿಯುವಷ್ಟರಲ್ಲಿ ಬೆನ್ನಿನ ಎಡಭಾಗ ಮತ್ತೆ ಮರದ ತುಂಡು. ಮಾಸ್ಟರು ರೋಸಿಹೋದರು. "ಭಾನುವಾರ ಜೀನು ಹಾಕಿಸ್ಕೊಂಡ್ರೆ ಸರಿ. ಇಲ್ಲಾಂದ್ರೆ ಕೊಟ್ಬಿಡ್ತೀನಿ ಕಣಮ್ಮ." ಜೀನು ಹೊರದ ಮುದಿ ಕುದುರೆಯನ್ನು ಎಂಥವರು ಕೊಳ್ಳುತ್ತಾರೆ, ಕೊಂಡು ಏನು ಮಾಡುತ್ತಾರೆ ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ತಿಗೆ ಅಂದು ಊಟಕ್ಕೆ ಕೂರಲಿಲ್ಲ.

ಶುಕ್ರವಾರ ದೊಡ್ಡಮ್ಮನ ಜೀನನ್ನೇ ಹೊತ್ತುಕೊಂಡು ಮನೆಗೆ ಬಂದಳು. ಅಣ್ಣನ ಮುಂದೆಯೇ ಅದನ್ನು ಬೋರಲು ಹಾಕಿ, ಕಣ್ಣು ಮುಚ್ಚಿ, ಬೆನ್ನು ನೋಡುವಂತೆಯೇ ಹೆಬ್ಬೆರಳು ಉರುಳಿಸಿದಳು. ಕುದುರೆಯ ಬೆನ್ನಿಗೆ ತಾಗುವ ಕೆಳಗಿನ ಎರಡು ಉಣ್ಣೆಯ ದಿಂಬುಗಳಲ್ಲಿ ಎಡದ್ದು ಕಲ್ಲು, ಬಲದ್ದು ಪೊಳ್ಳು.

"ರೀ, ಇದಕ್ಕೆ ಉಣ್ಣೆ ತುಂಬಿದ್ದು ನೀವೇ ಅಲ್ವಾ?"

"ಇನ್ಯಾರು, ನಿಮ್ಮಪ್ಪನಾ?"

"ಎಡಗಡೆ ಗಂಟು ಕಟ್ಟಿದೆ. ದೊಡ್ಡಮ್ಮಂಗೆ ಒತ್ತುತಿರೋದು ಇದೇ."

ಅಣ್ಣ ಉರಿದುಬಿದ್ದ. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ! ನಿನ್ನ ಕೈಲಿ ವಾಸಿ ಆಗ್ಲಿಲ್ಲ ಅಂತ ನನ್ನ ಕೆಲಸಕ್ಕೆ ಹೆಸರಿಡ್ತೀಯಾ?"

ಅತ್ತಿಗೆ ಗೋಡೆಯ ಮೊಳೆ ತೋರಿಸಿದಳು. "ಆ ಕತ್ತರಿ ತಗೊಳ್ಳಿ, ನೋಡೋಣ" ಎಂದಳು.

ಅಣ್ಣ ಕೈ ಎತ್ತಿದ. ಎದೆಮಟ್ಟಕ್ಕೆ ಬಂದು ನಿಂತಿತು. ಅಭ್ಯಾಸಬಲದಿಂದ ನಾನು ಏಳಹೋದೆ, ಅತ್ತಿಗೆ ಕಣ್ಣಲ್ಲೇ ಕೂರಿಸಿದಳು. ಬಲದ ದಿಂಬು ತುಂಬಲು ತೋಳು ಎತ್ತಿ ಚಾಚಬೇಕು. ಹೋದ ಸಲ ಜೀನು ರಿಪೇರಿಗೆ ಬಂದಾಗ ಅದು ಆಗದೆ ಅಲ್ಲಿ ಅರೆಬರೆ ತುಂಬಿ, ಸಿಟ್ಟನ್ನೆಲ್ಲ ಸೇರಿಸಿ ಎಡದ್ದಕ್ಕೆ ತುರುಕಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

"ಆ ಮುದುಕಿ ಸಾಯುತ್ತೆ ಕಣೋ ಅಣ್ಣ" ಎಂದೆ. ಅಳು ಬಂದೇಬಿಟ್ಟಿತು ನನಗೆ.

ಅಣ್ಣ ಗೊಣಗುತ್ತ ಸ್ಟೂಲಿನ ಮೇಲೆ ಕೂತ. "ಕುದುರೆ ಮುಟ್ಟಿದ ಕೈಲಿ ನನ್ನನ್ನ ಮುಟ್ತಾಳಂತೆ."

"ಮನುಷ್ಯರನ್ನ ಮುಟ್ಟಿದ ಕೈ ಅಂತ ಕುದುರೆಗಳು ಒಂದಿನಾನೂ ಅಂದಿಲ್ಲ" ಎಂದಳು ಅತ್ತಿಗೆ. ಕತ್ತಿನ ಬುಡ, ಭುಜ, ಕಂಕುಳ ಹಿಂದೆ ಬೆರಳು ಆಡಿಸಿ ಅಂಗಳಕ್ಕೆ ಹೋಗಿ ನಿಂತಳು.

"ಎಲ್ಲಿ ಹಾಳಾಗ್ಹೋದ್ಲು ಇವಳು?"

"ಅದೇ ಔಷಧಿ. ಬಾಯ್ಮುಚ್ಕೊಂಡು ಕೂತ್ಕೋ" ಎಂದೆ.

ಕೂತ. ಹೆಗಲು ಇಳಿಯಿತು, ತುಟಿ ಜೋತಿತು. ಉಕ್ಕಿ ಬಂದ ಆಕಳಿಕೆಯನ್ನು ಮಾತ್ರ ಹಲ್ಲು ಕಚ್ಚಿ ನುಂಗಿಕೊಂಡ. ಹೆಂಡತಿಗೆ ಗೆಲುವು ಕೊಡಬಾರದಲ್ಲ, ಮಹಾರಾಯ! ಶನಿವಾರ ಮತ್ತೆ ಮುಟ್ಟಿಸಿಕೊಂಡ. ಕೈ ಕತ್ತರಿಯವರೆಗೆ ಹೋಗಲಿಲ್ಲ, ಕಿವಿಯವರೆಗೆ ಹೋಯಿತು. ಅಷ್ಟು ಸಾಕಾಯಿತು. ಹೊಲಿಗೆ ಬಿಚ್ಚಿ, ಉಣ್ಣೆಯನ್ನೆಲ್ಲ ಕಿತ್ತು, ಎರಡೂ ದಿಂಬನ್ನು ಹೊಸದಾಗಿ ತುಂಬಿದ.

ಭಾನುವಾರ ಮಾಸ್ಟರು ಕೊಟ್ಟು ಕಳಿಸಲು ಹಗ್ಗ ಹಿಡಿದೇ ನಿಂತಿದ್ದರು. ಅತ್ತಿಗೆ ದೊಡ್ಡಮ್ಮನ ಬೆನ್ನಿಗೆ ಬೆರಳಾಡಿಸಿ, ಬೇಲಿಯ ಕಡೆ ಮುಖ ಮಾಡಿ ನಿಂತಳು. ಒಮ್ಮೆಯೂ ತಿರುಗಿ ನೋಡಲಿಲ್ಲ. ಅಣ್ಣನೇ ಜೀನು ಇಟ್ಟ. ದೊಡ್ಡಮ್ಮ ಕಿವಿ ಹಿಂದಕ್ಕೆ ಮಡಚಿ ಹಲ್ಲು ತೋರಿಸಿ ಕತ್ತು ತಿರುಗಿಸಿತು. ಕಚ್ಚಲಿಲ್ಲ. ಅಣ್ಣನ ಬಲಭುಜವನ್ನು ಮೂಸಿತು, ಬುಸ್ಸೆಂದು ಉಸಿರುಬಿಟ್ಟಿತು. ಆಮೇಲೆ ತಲೆ ತಗ್ಗಿಸಿ, ಹಳದಿ ಹಲ್ಲೆಲ್ಲ ಕಾಣುವಂತೆ ಆಕಳಿಸಿತು. ಅಣ್ಣ ಜೀನಿನ ಪಟ್ಟಿ ಬಿಗಿದ. ಮಾಸ್ಟರು ಹಗ್ಗವನ್ನು ಗೂಟಕ್ಕೆ ತೂಗುಹಾಕಿದರು.

ಅಣ್ಣ ಅದರ ಕತ್ತು ತಟ್ಟಿ, "ತಪ್ಪಾಯ್ತು ತಾಯಿ" ಎಂದ. ಮದುವೆಯಾದಾಗಿನಿಂದ ಮನೆಯಲ್ಲಿ ಯಾರೂ ಕೇಳಿರದ ಮಾತು ಅದು.

ಅತ್ತಿಗೆ ಬೇಲಿಯ ಕಡೆಗೇ ನೋಡುತ್ತಿದ್ದಳು. "ಅದನ್ನೇ ಸ್ವಲ್ಪ ಈ ಕಡೆ ತಿರುಗಿ ಹೇಳ್ರೀ."

ಅಣ್ಣ ತಿರುಗಿದ. ಬಾಯಿ ತೆರೆದ. ಮಾತಿನ ಬದಲು, ಮೊನ್ನೆ ನುಂಗಿಕೊಂಡಿದ್ದ ಆಕಳಿಕೆ ಹೊರಬಂತು, ದವಡೆ ಕಳಚುವ ಹಾಗೆ.

ಅತ್ತಿಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಹ್ಞಾಂ" ಎಂದಳು, "ಸಡಿಲಾಯ್ತು."